ಅಲ್ಕಟ್ರಾಜ್ ಜೈಲು ನೋಡೋಕೆ ಹೊರಟಿದ್ದೀರಾ? ಮೊದಲು ಆ ನೀರಿನ ಕಥೆ ಕೇಳಿ

“ಅಲ್ಲ ಕಣೋ, ಜೈಲು ನೋಡೋಕೆ ತಲೆಗೆ ನಾಲ್ಕು ಸಾವಿರ ರೂಪಾಯಿನಾ?”

ಅಮ್ಮ ಹೀಗೆ ಕೇಳಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಪಿಯರ್ 33ರಲ್ಲಿ, ನಾವು ದೋಣಿಗೆ ಕ್ಯೂ ನಿಂತಿದ್ದಾಗ. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಬೇ ಏರಿಯಾದಲ್ಲಿ ಮಗನೋ ಮಗಳೋ ಇರುವ ಕನ್ನಡದ ಅಪ್ಪ-ಅಮ್ಮಂದಿರನ್ನು ಕೇಳಿ ನೋಡಿ, ಗೋಲ್ಡನ್ ಗೇಟ್ ಸೇತುವೆ ನೋಡಿದ ಮಾರನೇ ದಿನ ಇಲ್ಲಿಗೇ ಕರೆದುಕೊಂಡು ಹೋಗಿರುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಸುತ್ತು ಹೊಡೆದು, ಕಂಬಿ ಹಿಂದೆ ನಿಂತು ಫೋಟೊ ತೆಗೆಸಿಕೊಂಡು ಬಂದಿರುತ್ತಾರೆ. ಇದು ಯಾಕೆ ಅಷ್ಟು ಫೇಮಸ್ ಅಂದರೆ, “ಯಾರೋ ಮೂರು ಜನ ತಪ್ಪಿಸಿಕೊಂಡರಂತೆ” ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಅದರ ಮೇಲೆ 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಈ ಜೈಲನ್ನು ಮತ್ತೆ ಕಟ್ಟಿ ತೆರೆಯಬೇಕು ಅಂದರು. ಶುರುವಾಯಿತು ನೋಡಿ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಗಲಾಟೆ. ಅಲ್ಲಿ ಈಗ ಕೈದಿಗಳಿದ್ದಾರಾ, ಮುಚ್ಚಿದ್ದು ಯಾಕೆ, ನಾವು ಬುಕ್ ಮಾಡಿದ ಟಿಕೆಟ್ ಏನಾಗುತ್ತೆ? ಹಾಗಾಗಿ ಬುಡದಿಂದಲೇ ಹೇಳುತ್ತೇನೆ. ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಆ ಬಂಡೆಯನ್ನು ಜೈಲು ಮಾಡಿದ್ದು ಸುತ್ತಲಿನ ನೀರು. ಕೊನೆಗೆ ಬಾಗಿಲು ಹಾಕಿಸಿದ್ದೂ ಅದೇ ನೀರು.

## ಹೆಜ್ಜಾರ್ಲೆಗಳ ಬಂಡೆ

ಸ್ಯಾನ್ ಫ್ರಾನ್ಸಿಸ್ಕೊ ಊರಿನ ಪಕ್ಕದಲ್ಲಿ ಒಂದು ದೊಡ್ಡ ಕೊಲ್ಲಿ ಇದೆ. ಹೆಚ್ಚುಕಡಿಮೆ ಎಲ್ಲಾ ಕಡೆ ನೆಲವೇ, ಸಾಗರದ ಕಡೆಗೆ ಮಾತ್ರ ಒಂದು ಕಿರಿದಾದ ಬಾಯಿ. ಆ ಬಾಯಿಯ ಮೇಲೆ ಹಾದುಹೋಗುವುದೇ ಗೋಲ್ಡನ್ ಗೇಟ್ ಸೇತುವೆ. ಅದನ್ನು ದಾಟಿ ಹಡಗು ಒಳಗೆ ಬಂದರೆ ಎದುರಿಗೇ ಒಂದು ಬಂಡೆ ಅಡ್ಡ ಕೂತಿದೆ. ಅದೇ ಅಲ್ಕಟ್ರಾಜ್.

ದ್ವೀಪ ಅಂತ ಕೇಳಿ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಇರುವುದು 22 ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ, ಅದರ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ. ಊರಿನ ದಡದಿಂದ ದೂರವೂ ಅಷ್ಟೆ, ಎರಡು ಕಿಲೋಮೀಟರ್. ಮೆಜೆಸ್ಟಿಕ್ಕಿನಿಂದ ವಿಧಾನಸೌಧಕ್ಕೆ ನಡೆದು ಹೋದಷ್ಟು.

ಹೆಸರು ಬಂದದ್ದು ಸ್ಪ್ಯಾನಿಷ್ ಭಾಷೆಯಿಂದ. 1775ರಲ್ಲಿ ಹುವಾನ್ ಮಾನ್ವೆಲ್ ದೆ ಅಯಾಲ ಅನ್ನುವ ಸ್ಪೇನಿನ ನೌಕಾಧಿಕಾರಿ ಈ ಕೊಲ್ಲಿಗೆ ಬಂದು ನಕ್ಷೆ ಮಾಡಿಸಿದ. ಆಗ ಇಟ್ಟ ಹೆಸರಿಗೆ ‘ಅಲ್ಕಟ್ರಾಸೆಸ್ ದ್ವೀಪ’ ಅಂತ ಅರ್ಥ. ಆ ಪದವನ್ನು ಸಾಮಾನ್ಯವಾಗಿ ಹೆಜ್ಜಾರ್ಲೆ ಅಂತ ಬಿಡಿಸುತ್ತಾರೆ. ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿಗೆ ಬರುತ್ತವಲ್ಲ, ಗಂಟಲ ಕೆಳಗೆ ಚೀಲ ಇರುವ ಆ ದೊಡ್ಡ ಹಕ್ಕಿ, ಅದರ ಬಳಗವೇ.

ಕ್ಯಾಲಿಫೋರ್ನಿಯಾ ಅಮೆರಿಕದ ಕೈಗೆ ಬಂದು, ಚಿನ್ನ ಸಿಕ್ಕಿ, ಊರು ರಾತ್ರೋರಾತ್ರಿ ಬೆಳೆದ ಮೇಲೆ 1850ರಲ್ಲಿ ಸರ್ಕಾರ ಈ ಬಂಡೆಯನ್ನು ಸೈನ್ಯಕ್ಕೆ ಕಾದಿರಿಸಿತು. ಬಾಯಿಗೆ ಎದುರಾಗಿ ಫಿರಂಗಿ ಇಟ್ಟರೆ ಯಾವ ಹಡಗೂ ಸುಮ್ನೆ ಒಳಗೆ ಬರುವ ಹಾಗಿಲ್ಲ, ಅಲ್ವಾ. 1854ರಲ್ಲಿ ಇಲ್ಲಿ ದೀಪಸ್ತಂಭ ಬೆಳಗಿತು. ಅಮೆರಿಕದ ಪಶ್ಚಿಮ ಕರಾವಳಿಗೆ ಅದೇ ಮೊದಲನೆಯದು. ಕೋಟೆ ಇದ್ದ ಮೇಲೆ ತಪ್ಪು ಮಾಡಿದ ಸಿಪಾಯಿಗಳನ್ನು ಕೂಡಿಹಾಕಲು ಒಂದು ಕೋಣೆ ಬೇಕಲ್ಲ? ಹಾಗೆ ಸಣ್ಣದಾಗಿ ಶುರುವಾದದ್ದು ನಿಧಾನಕ್ಕೆ ಸೈನ್ಯದ ಜೈಲೇ ಆಯಿತು. ನಾವು ಇವತ್ತು ನೋಡುವ ದೊಡ್ಡ ಕಾಂಕ್ರೀಟ್ ಕಟ್ಟಡ ಮುಗಿದದ್ದು 1912ರಲ್ಲಿ. ಅದನ್ನು ಕಟ್ಟಿದವರು ಅಲ್ಲಿನ ಕೈದಿಗಳೇ.

## ಇಲ್ಲಿಗೆ ಯಾರನ್ನು ಹಾಕುತ್ತಿದ್ದರು?

ಇಲ್ಲಿ ಒಂದು ಶಬ್ದ ಬಿಡಿಸಬೇಕು, ಫೆಡರಲ್ ಜೈಲು. ನಮ್ಮಲ್ಲಿ ಜೈಲು ಅನ್ನುವುದು ರಾಜ್ಯ ಸರ್ಕಾರಗಳಿಗೆ ಸೇರಿದ ವಿಷಯ. ಪರಪ್ಪನ ಅಗ್ರಹಾರದ್ದಕ್ಕೆ ‘ಸೆಂಟ್ರಲ್ ಜೈಲು’ ಅಂತ ಹೆಸರಿದ್ದರೂ ಅದಕ್ಕೂ ಕೇಂದ್ರ ಸರ್ಕಾರಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ ಹಾಗಲ್ಲ. ರಾಜ್ಯಗಳಿಗೆ ಅವುಗಳ ಜೈಲು ಬೇರೆ, ಕೇಂದ್ರದ ಕಾನೂನು ಮುರಿದವರಿಗೆ ಕೇಂದ್ರದ್ದೇ ಜೈಲು ಬೇರೆ. ಈ ಎರಡನೆಯದೇ ಫೆಡರಲ್ ಜೈಲು.

1930ರ ದಶಕದಲ್ಲಿ ಕೇಂದ್ರದ ಜೈಲುಗಳಿಗೆ ಒಂದು ತಲೆನೋವಿತ್ತು. ಕೆಲವು ಕೈದಿಗಳು ಒಳಗಿದ್ದುಕೊಂಡೇ ದರ್ಬಾರು ನಡೆಸುತ್ತಿದ್ದರು. ಕೆಲವರು ಪದೇಪದೇ ಓಡಿಹೋಗಲು ನೋಡುತ್ತಿದ್ದರು. ಅಂಥವರನ್ನೆಲ್ಲ ಒಂದೇ ಕಡೆ ಹಾಕೋಣ ಅಂತ ಸರ್ಕಾರ ಸೈನ್ಯದಿಂದ ಈ ದ್ವೀಪವನ್ನು ತೆಗೆದುಕೊಂಡು, 1934ರ ಆಗಸ್ಟ್‌ನಲ್ಲಿ ಹೊಸ ಜೈಲು ತೆರೆಯಿತು.

ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ. ಯಾವ ನ್ಯಾಯಾಲಯವೂ ಯಾರನ್ನೂ ನೇರವಾಗಿ ಅಲ್ಕಟ್ರಾಜ್‌ಗೆ ಕಳಿಸುತ್ತಿರಲಿಲ್ಲ. ಬೇರೆ ಜೈಲಿನಲ್ಲಿ ಕಿತಾಪತಿ ಮಾಡಿದರೆ ಇಲ್ಲಿಗೆ ವರ್ಗ. ತರಗತಿಯಲ್ಲಿ ಮೇಷ್ಟ್ರ ಕೈಗೆ ಸಿಗದ ಹುಡುಗರನ್ನೆಲ್ಲ ಹೆಡ್‌ಮಾಸ್ಟರ್ ರೂಮಿನ ಮುಂದೆ ಕೂರಿಸುತ್ತಾರಲ್ಲ, ಹಾಗೆ. ಆದ್ದರಿಂದ ಇಲ್ಲಿದ್ದವರೆಲ್ಲ ಕೊಲೆಗಡುಕರು ಅಂದುಕೊಳ್ಳುವುದು ತಪ್ಪು. ಇಲ್ಲಿ ಗಲ್ಲಿನ ವ್ಯವಸ್ಥೆಯೂ ಇರಲಿಲ್ಲ. ಇಲ್ಲಿನ ಅತಿ ಪ್ರಸಿದ್ಧ ಕೈದಿ ಅಲ್ ಕಪೋನ್, ಷಿಕಾಗೋವನ್ನು ನಡುಗಿಸಿದ ಡಾನ್. ಅವನು ಸಿಕ್ಕಿಬಿದ್ದದ್ದು ಆದಾಯ ತೆರಿಗೆ ಕಟ್ಟದ ಕೇಸಿನಲ್ಲಿ! ಇಲ್ಲಿ ಅವನ ನಂಬರ್ 85. ಲಾಂಡ್ರಿಯಲ್ಲಿ ಬಟ್ಟೆ ಒಗೆದ, ಕೈದಿಗಳ ಬ್ಯಾಂಡಿನಲ್ಲಿ ಬ್ಯಾಂಜೊ ಬಾರಿಸಿದ.

1963ರಲ್ಲಿ ಮುಚ್ಚುವವರೆಗಿನ 29 ವರ್ಷದಲ್ಲಿ ಕೊಟ್ಟ ಕೈದಿ ನಂಬರ್‌ಗಳು 1,576. ಯಾವ ಹೊತ್ತಿಗೆ ನೋಡಿದರೂ ಒಳಗಿದ್ದವರು ಸುಮಾರು 260-275 ಜನ. ಜೈಲು ಒಂದು ಸಲವೂ ತುಂಬಲಿಲ್ಲ.

## ಐದು ಅಡಿ, ಒಂಬತ್ತು ಅಡಿ

ಸೆಲ್ ಒಳಗೆ ನಿಂತು ನೋಡಿದೆ. ಅಗಲ ಐದು ಅಡಿ, ಉದ್ದ ಒಂಬತ್ತು. ಎರಡೂ ಕೈ ಚಾಚಿದರೆ ಎರಡೂ ಗೋಡೆ ತಾಗಿದವು, ಮೊಣಕೈ ಪೂರ್ತಿ ನೆಟ್ಟಗೆ ಮಾಡಲೂ ಆಗಲಿಲ್ಲ. ಒಂದು ಮಂಚ, ಒಂದು ಸಿಂಕ್, ಒಂದು ಟಾಯ್ಲೆಟ್. ಒಬ್ಬರಿಗೆ ಒಂದು. ಅಮ್ಮ ಹೊರಗಿನಿಂದಲೇ ನೋಡಿ, “ನಮ್ಮ ಹಳೇ ಮನೆ ಬಚ್ಚಲೇ ಇದಕ್ಕಿಂತ ದೊಡ್ಡದಿತ್ತು” ಅಂದರು.

ನಿಯಮಗಳ ಪುಸ್ತಕದಲ್ಲಿ ಐದನೇ ನಿಯಮ ಬಹಳ ಹೆಸರುವಾಸಿ. ಅದರ ಸಾರ ಇಷ್ಟು: ಊಟ, ಬಟ್ಟೆ, ಸೂರು, ವೈದ್ಯ, ಈ ನಾಲ್ಕು ನಿನ್ನ ಹಕ್ಕು. ಉಳಿದದ್ದೆಲ್ಲ ನೀನು ಒಳ್ಳೆಯ ನಡತೆಯಿಂದ ಸಂಪಾದಿಸಬೇಕು. ಉಳಿದದ್ದು ಅಂದರೆ ಕೆಲಸ, ಲೈಬ್ರರಿ, ಮನೆಯವರ ಭೇಟಿ, ಸಂಗೀತ. ಹೌದು, ಕೆಲಸವೂ ಬಹುಮಾನವೇ. ದಿನವಿಡೀ ಆ ಪೆಟ್ಟಿಗೆಯೊಳಗೆ ಕೂತಿರುವವನಿಗೆ ಬಟ್ಟೆ ಒಗೆಯುವುದೂ ಹಬ್ಬ. ಮೊದಲ ಕೆಲವು ವರ್ಷ ಮಾತಾಡುವ ಹಾಗೂ ಇರಲಿಲ್ಲ. ಆ ಮೌನದ ನಿಯಮವನ್ನು ಆಮೇಲೆ ಸಡಿಲಿಸಿದರು.

ಆದರೆ ಊಟ ಮಾತ್ರ ಚೆನ್ನಾಗಿತ್ತು. ಕರುಣೆಯಿಂದಲ್ಲ. ಜೈಲಿನ ದಂಗೆಗಳು ಬಹಳ ಸಲ ಊಟದ ವಿಷಯಕ್ಕೇ ಶುರುವಾಗುತ್ತವೆ ಅಂತ ಮೊದಲ ವಾರ್ಡನ್ ಜೇಮ್ಸ್ ಜಾನ್ಸ್‌ಟನ್‌ಗೆ ಗೊತ್ತಿತ್ತು. ಬೇಕಾದಷ್ಟು ಹಾಕಿಸಿಕೊ, ಹಾಕಿಸಿಕೊಂಡದ್ದನ್ನು ಬಿಡಬೇಡ. ನಮ್ಮ ಛತ್ರದ ಪಂಕ್ತಿಯಲ್ಲಿ ಅಜ್ಜಂದಿರು ಹೇಳುತ್ತಿದ್ದ ಮಾತೇ. ಊಟದ ಹಾಲಿನ ಸೂರಿನಲ್ಲಿ ಮಾತ್ರ ಅಶ್ರುವಾಯುವಿನ ಡಬ್ಬಿಗಳನ್ನು ಸಿಕ್ಕಿಸಿಟ್ಟಿದ್ದರು.

ಸ್ನಾನಕ್ಕೆ ಬಿಸಿನೀರು ಬಿಡುತ್ತಿದ್ದರು. ತಣ್ಣೀರು ಅಭ್ಯಾಸವಾದರೆ ಕೊಲ್ಲಿಯಲ್ಲಿ ಈಜಲು ಅನುಕೂಲವಾದೀತು ಅನ್ನುವ ಮುಂದಾಲೋಚನೆ ಅಂತ ಒಂದು ಕಥೆ ಇದೆ. ನಿಜವೋ ಅಲ್ಲವೋ, ಕಥೆ ಚೆನ್ನಾಗಿದೆ.

## ಎರಡೇ ಕಿಲೋಮೀಟರ್, ಈಜಲು ಯಾಕೆ ಆಗುತ್ತಿರಲಿಲ್ಲ?

ನಮಗೆ ದ್ವೀಪದ ಜೈಲು ಅಂದರೆ ಅಂಡಮಾನ್ ನೆನಪಾಗುತ್ತದೆ, ಕರಿನೀರಿನ ಶಿಕ್ಷೆ. ಅಲ್ಲಿಂದ ಭಾರತದ ದಡ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ, ತಪ್ಪಿಸಿಕೊಂಡರೂ ಹೋಗುವುದೆಲ್ಲಿಗೆ? ಅಲ್ಕಟ್ರಾಜ್‌ನ ಲೆಕ್ಕ ಬೇರೆ. ಊರು ಕಣ್ಣೆದುರೇ ಇದೆ. ರಾತ್ರಿ ದೀಪ ಕಾಣುತ್ತದೆ. ಗಾಳಿ ಈ ಕಡೆ ಬೀಸಿದರೆ ದಡದ ಹೊಸವರ್ಷದ ಗದ್ದಲ ಕೈದಿಗಳಿಗೆ ಕೇಳಿಸುತ್ತಿತ್ತಂತೆ.

ಶಾರ್ಕ್ ಇದ್ದವು ಅನ್ನುವುದು ಕೈದಿಗಳನ್ನು ಹೆದರಿಸಲು ಬಳಕೆಯಲ್ಲಿದ್ದ ಮಾತು. ಕೊಲ್ಲಿಯಲ್ಲಿ ಶಾರ್ಕ್ ಇವೆ, ಆದರೆ ಹೆಚ್ಚಿನವು ಮನುಷ್ಯನ ತಂಟೆಗೆ ಬರದ ಸಣ್ಣವು. ನಿಜವಾದ ಕಾವಲುಗಾರರು ಬೇರೆ ಇಬ್ಬರು.

ಒಂದು, ಚಳಿ. ಅಲ್ಲಿನ ನೀರು ವರ್ಷದ ಬಹುಪಾಲು 10ರಿಂದ 15 ಡಿಗ್ರಿ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟ ಬಾಟಲಿ ನೀರಿನ ಹಾಗೆ ಅಂದುಕೊಳ್ಳಿ. ಅದರಲ್ಲಿ ಮುಳುಗಿದರೆ ಮೈಯ ಬಿಸಿ ಬೇಗ ಇಳಿಯುತ್ತದೆ, ಮೊದಲು ಕೈಕಾಲು ಮಾತು ಕೇಳುವುದಿಲ್ಲ, ಆಮೇಲೆ ತಲೆ.

ಇನ್ನೊಂದು, ಸೆಳೆತ. ಕೆರೆಯ ತೂಬು ಎತ್ತಿದಾಗ ನೋಡಿದ್ದೀರಾ? ಇಡೀ ಕೆರೆ ಶಾಂತವಾಗಿರುತ್ತದೆ, ತೂಬಿನ ಹತ್ತಿರ ಮಾತ್ರ ನೀರು ನುಗ್ಗುತ್ತಿರುತ್ತದೆ. ಈ ಕೊಲ್ಲಿಯೂ ಹಾಗೇ. ಉಬ್ಬರವಿಳಿತಕ್ಕೆ ಅಷ್ಟು ದೊಡ್ಡ ಕೊಲ್ಲಿಯ ನೀರು ಆ ಒಂದೇ ಕಿರಿದಾದ ಬಾಯಿಯಲ್ಲಿ ಒಳಗೆ ಬರಬೇಕು, ಹೊರಗೆ ಹೋಗಬೇಕು. ಅಲ್ಕಟ್ರಾಜ್ ಕೂತಿರುವುದು ಆ ಬಾಯಿಗೆ ನೇರ. ಇಳಿತದ ಹೊತ್ತಿನಲ್ಲಿ ಊರಿನ ಕಡೆ ಈಜಲು ಹೊರಟವನನ್ನು ನೀರು ಸೇತುವೆಯ ಕಡೆಗೆ, ಅಲ್ಲಿಂದ ಸಾಗರಕ್ಕೆ ಎಳೆದುಕೊಂಡು ಹೋಗುತ್ತದೆ. ಹೊತ್ತು ನೋಡಿ, ಅಭ್ಯಾಸ ಮಾಡಿ, ಪಕ್ಕದಲ್ಲಿ ದೋಣಿ ಇಟ್ಟುಕೊಂಡು ಇಳಿದರೆ ಈಜಬಹುದು. ಈಗ ಪ್ರತಿವರ್ಷ ಸ್ಪರ್ಧೆಗಳಲ್ಲಿ ಜನ ಈಜುತ್ತಾರೆ. ಕೈದಿಗೆ ಉಬ್ಬರವಿಳಿತದ ವೇಳಾಪಟ್ಟಿ ಯಾರು ಕೊಡುತ್ತಾರೆ?

ಆದರೂ 14 ಸಲ ಪ್ರಯತ್ನ ನಡೆಯಿತು, 36 ಜನ, ಅವರಲ್ಲಿ ಇಬ್ಬರು ಎರಡೆರಡು ಸಲ. 23 ಜನ ಸಿಕ್ಕಿಬಿದ್ದರು. ಆರು ಜನ ಗುಂಡಿಗೆ ಬಲಿಯಾದರು, ಇಬ್ಬರು ಮುಳುಗಿ ಸತ್ತರು. ಐವರು ಸಿಗಲೇ ಇಲ್ಲ. ಮುಳುಗಿರಬೇಕು ಅಂತ ಸರ್ಕಾರದ ಅಂದಾಜು.

ಆ ಐವರಲ್ಲಿ ಮೂವರ ಕಥೆಯೇ ಎಲ್ಲರೂ ಹೇಳುವ ಕಥೆ. 1962ರ ಜೂನ್ 11ರ ರಾತ್ರಿ. ಫ್ರಾಂಕ್ ಮಾರಿಸ್, ಮತ್ತೆ ಜಾನ್ ಮತ್ತು ಕ್ಲಾರೆನ್ಸ್ ಆಂಗ್ಲಿನ್ ಅನ್ನುವ ಅಣ್ಣತಮ್ಮಂದಿರು. ಸೆಲ್‌ನ ಹಿಂದಿನ ಗೋಡೆಯಲ್ಲಿ ಗಾಳಿಗಾಗಿ ಬಿಟ್ಟ ಒಂದು ಸಣ್ಣ ಜಾಲರಿ ಇದೆ. ಅದರ ಸುತ್ತ ತಿಂಗಳುಗಟ್ಟಲೆ ಚಮಚದಂಥ ಸಾಮಾನುಗಳಲ್ಲಿ ಕೆರೆದು ತೂತು ದೊಡ್ಡದು ಮಾಡಿದರು. ಕಾಂಕ್ರೀಟು ಚಮಚಕ್ಕೆ ಬಗ್ಗುತ್ತಾ ಅಂತ ಕೇಳಬೇಡಿ, ಅಲ್ಲೇ ಇರುವುದು ವಿಷಯ. ದ್ವೀಪದಲ್ಲಿ ಸಿಹಿನೀರು ಇಲ್ಲದ್ದರಿಂದ ಟಾಯ್ಲೆಟ್‌ಗಳಿಗೆ ಉಪ್ಪುನೀರನ್ನೇ ಹರಿಸುತ್ತಿದ್ದರು. ಗೋಡೆಯ ಹಿಂದೆ ಆ ಪೈಪುಗಳು ಸೋರಿ ಸೋರಿ, ಉಪ್ಪು ಕುಡಿದ ಕಾಂಕ್ರೀಟು ಹಳೇ ರೊಟ್ಟಿಯ ಹಾಗೆ ಉದುರುವಂತಾಗಿತ್ತು.

ಹಾಸಿಗೆಯಲ್ಲಿ ಗೊಂಬೆ ತಲೆಗಳನ್ನು ಮಲಗಿಸಿದರು. ಸೋಪು, ಟಾಯ್ಲೆಟ್ ಪೇಪರ್, ಕಾಂಕ್ರೀಟ್ ಪುಡಿ ಕಲಸಿ ಮಾಡಿದ ತಲೆ, ಅದಕ್ಕೆ ಜೈಲಿನ ಕ್ಷೌರದಂಗಡಿಯಿಂದ ತಂದ ನಿಜವಾದ ಕೂದಲು. ರಾತ್ರಿ ಎಣಿಕೆಗೆ ಬಂದ ಗಾರ್ಡುಗಳು ಮಲಗಿದ್ದಾರೆ ಅಂದುಕೊಂಡರು. ಐವತ್ತಕ್ಕೂ ಹೆಚ್ಚು ರೇನ್‌ಕೋಟುಗಳನ್ನು ಅಂಟಿಸಿ ತೆಪ್ಪ ಮಾಡಿಕೊಂಡಿದ್ದರು. ನಾಲ್ಕನೆಯವನೊಬ್ಬ ಇದ್ದ, ಆಲನ್ ವೆಸ್ಟ್. ಅವನ ತೂತು ಸಮಯಕ್ಕೆ ಸರಿಯಾಗಿ ದೊಡ್ಡದಾಗಲಿಲ್ಲ, ಅವನು ಉಳಿದ. ಪಾಪ ಅನ್ನಬೇಕೋ ಪುಣ್ಯವಂತ ಅನ್ನಬೇಕೋ ಗೊತ್ತಿಲ್ಲ. ಆ ಮೂವರು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಎಫ್‌ಬಿಐ 1979ರಲ್ಲಿ ಫೈಲು ಮುಚ್ಚಿ, ಯುಎಸ್ ಮಾರ್ಷಲ್ಸ್ ಅನ್ನುವ ಇಲಾಖೆಗೆ ಕೊಟ್ಟಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಅನ್ನುವವನು ಸೇತುವೆಯ ಬುಡದವರೆಗೆ ನಿಜವಾಗಿಯೂ ತೇಲಿ ತಲುಪಿದ. ಆದರೆ ಬಂಡೆಯ ಮೇಲೆ ಚಳಿಗೆ ಮರಗಟ್ಟಿ ಬಿದ್ದಿದ್ದ. ಆಸ್ಪತ್ರೆಗೆ ಸೇರಿಸಿ, ವಾಪಸ್ ಜೈಲಿಗೆ ತಂದರು. ದಾಟಲು ಸಾಧ್ಯ ಅಂತಲೂ, ದಾಟಿ ಪ್ರಯೋಜನವಿಲ್ಲ ಅಂತಲೂ ಒಬ್ಬನೇ ತೋರಿಸಿಕೊಟ್ಟ.

## ಹಾಗಾದರೆ ಮುಚ್ಚಿದ್ದು ಯಾಕೆ?

ಮೂವರು ಓಡಿಹೋದರು ಅಂತ ಮುಚ್ಚಿದರು ಅನ್ನುವುದು ಜನಪ್ರಿಯ ನಂಬಿಕೆ. ಮುಚ್ಚುವ ಮಾತು ಅದಕ್ಕೂ ಮೊದಲೇ ನಡೆದಿತ್ತು. ಕಾರಣ ಖರ್ಚು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ದ್ವೀಪದಲ್ಲಿ ಕುಡಿಯುವ ನೀರಿನ ಸೆಲೆ ಇಲ್ಲ. ವಾರಕ್ಕೆ ಸುಮಾರು ಹತ್ತು ಲಕ್ಷ ಗ್ಯಾಲನ್, ಅಂದರೆ ಹತ್ತಿರಹತ್ತಿರ 38 ಲಕ್ಷ ಲೀಟರ್ ಸಿಹಿನೀರನ್ನು ದೋಣಿಯಲ್ಲಿ ತರಬೇಕಿತ್ತು. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ವಾರಕ್ಕೆ ಆರುನೂರಕ್ಕೂ ಜಾಸ್ತಿ ಟ್ಯಾಂಕರ್! ಕೈದಿಗಳಿಗಷ್ಟೇ ಅಲ್ಲ, ಗಾರ್ಡುಗಳ ಸಂಸಾರಗಳೂ ಅಲ್ಲೇ ಇದ್ದವು. ಅವರ ಮಕ್ಕಳು ದಿನಾ ದೋಣಿಯಲ್ಲಿ ಊರಿನ ಶಾಲೆಗೆ ಹೋಗಿಬರುತ್ತಿದ್ದರು. ಅಕ್ಕಿ, ಎಣ್ಣೆ, ಸೌದೆ ಅಂತ ನಾವು ಲೆಕ್ಕ ಹಾಕುವ ಹಾಗೆ ಅಲ್ಲಿ ಪ್ರತಿಯೊಂದು ಸಾಮಾನೂ ನೀರು ದಾಟಿ ಬರಬೇಕು.

1959ರ ಲೆಕ್ಕ ನೋಡಿ. ಅಲ್ಕಟ್ರಾಜ್‌ನಲ್ಲಿ ಒಬ್ಬ ಕೈದಿಗೆ ದಿನಕ್ಕೆ 10 ಡಾಲರ್ 10 ಸೆಂಟ್ ಖರ್ಚು. ಅಟ್ಲಾಂಟಾದ ಫೆಡರಲ್ ಜೈಲಿನಲ್ಲಿ 3 ಡಾಲರ್. ಮೂರು ಪಟ್ಟಿಗಿಂತ ಜಾಸ್ತಿ. ಅದರ ಮೇಲೆ ಉಪ್ಪುಗಾಳಿಗೆ ಕಟ್ಟಡದ ಒಳಗಿನ ಕಬ್ಬಿಣ ತುಕ್ಕು ಹಿಡಿದು ಗೋಡೆ ಬಿರಿಯುತ್ತಿತ್ತು. ರಿಪೇರಿಗೇ 30ರಿಂದ 50 ಲಕ್ಷ ಡಾಲರ್ ಬೇಕು ಅಂತ ಅಂದಾಜಾಯಿತು. ಹೊಸ ಜೈಲು ಕಟ್ಟುವುದೇ ಮೇಲು ಅನ್ನಿಸಿತು. 1963ರ ಮಾರ್ಚ್ 21ರಂದು ಕೊನೆಯ 27 ಕೈದಿಗಳು ತಿಂಡಿ ತಿಂದು, ಬೇಡಿ ಹಾಕಿಸಿಕೊಂಡು, ದೋಣಿ ಹತ್ತಿದರು.

ಮತ್ತೆ ತೆರೆಯುವ ಮಾತು ಬಂದಾಗಲೂ ಚರ್ಚೆ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ. ದ್ವೀಪಕ್ಕೆ ಇವತ್ತಿಗೂ ಊರಿನಿಂದ ಕುಡಿಯುವ ನೀರಿನ ಕೊಳವೆ ಇಲ್ಲ, ಕೊಳಚೆಯನ್ನೂ ದೋಣಿಯಲ್ಲೇ ಸಾಗಿಸಬೇಕು. ಟ್ರಂಪ್ ಹೇಳಿಕೆಯ ನಂತರ 2025ರ ಜುಲೈನಲ್ಲಿ ಅವರ ಸಂಪುಟದ ಇಬ್ಬರು ಬಂದು ನೋಡಿಹೋದರು. ಆಗಲೂ ಪ್ರವಾಸಿಗರ ದೋಣಿ ನಿಲ್ಲಲಿಲ್ಲ.

## ‘ಇಂಡಿಯನ್ಸ್ ವೆಲ್‌ಕಮ್’ ಅಂದರೆ ನಾವಲ್ಲ

ದೋಣಿ ಇಳಿದ ತಕ್ಷಣ ಎದುರಿನ ಕಟ್ಟಡದಲ್ಲಿ ಜೈಲಿನ ಹಳೇ ಬೋರ್ಡು ಇದೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ಕೈಯಲ್ಲಿ ಬರೆದ ಅಕ್ಷರ, ‘ಇಂಡಿಯನ್ಸ್ ವೆಲ್‌ಕಮ್’. ಅಮ್ಮನಿಗೆ ಬಹಳ ಖುಷಿಯಾಯಿತು. “ನೋಡೋ, ನಮ್ಮೋರಿಗೆ ಎಷ್ಟು ಮರ್ಯಾದೆ!” ಅಂತ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಆಗಲೇ ಹೇಳಲಿಲ್ಲ.

ಆ ಇಂಡಿಯನ್ಸ್ ಅಮೆರಿಕದ ಮೂಲನಿವಾಸಿಗಳು. ಕೊಲಂಬಸ್ ಭಾರತಕ್ಕೆ ಬಂದೆ ಅಂದುಕೊಂಡು ಇಟ್ಟ ಹೆಸರು ಐದು ಶತಮಾನವಾದರೂ ಪೂರ್ತಿ ಹೋಗಿಲ್ಲ. ಅವರಿಗೂ ಈ ದ್ವೀಪಕ್ಕೂ ಹಳೇ ನಂಟು. 1895ರಲ್ಲಿ ಹೋಪಿ ಬುಡಕಟ್ಟಿನ 19 ಗಂಡಸರನ್ನು ಇಲ್ಲಿ ತಿಂಗಳುಗಟ್ಟಲೆ ಸೆರೆಯಿಟ್ಟಿದ್ದರು. ತಮ್ಮ ಮಕ್ಕಳನ್ನು ಮನೆ, ಭಾಷೆ ಬಿಡಿಸುವ ಸರ್ಕಾರಿ ಶಾಲೆಗಳಿಗೆ ಕಳಿಸುವುದಿಲ್ಲ ಅಂದದ್ದೇ ಅವರ ಮುಖ್ಯ ತಪ್ಪು.

ಜೈಲು ಮುಚ್ಚಿ ದ್ವೀಪ ಖಾಲಿ ಬಿದ್ದಿತ್ತು. 1969ರ ನವೆಂಬರ್ 20ರಂದು ಬೇರೆಬೇರೆ ಬುಡಕಟ್ಟುಗಳ ಯುವಕ ಯುವತಿಯರು, ಬಹಳಷ್ಟು ಕಾಲೇಜು ವಿದ್ಯಾರ್ಥಿಗಳು, ಬಂದು ಇಳಿದರು. ಸರ್ಕಾರ ಬಳಸದೆ ಬಿಟ್ಟ ಜಮೀನು ಒಪ್ಪಂದದ ಪ್ರಕಾರ ನಮಗೆ ಸೇರಬೇಕು ಅನ್ನುವುದು ಅವರ ವಾದ. 1868ರ ಫೋರ್ಟ್ ಲಾರಮಿ ಒಪ್ಪಂದವನ್ನು ಮುಂದಿಟ್ಟರು. ಬೇಕಾದರೆ ಕೊಂಡುಕೊಳ್ಳುತ್ತೇವೆ, 24 ಡಾಲರ್ ಬೆಲೆಯ ಗಾಜಿನ ಮಣಿ ಮತ್ತು ಕೆಂಪು ಬಟ್ಟೆ ಕೊಡುತ್ತೇವೆ ಅಂದರು. ಹಿಂದೆ ಬಿಳಿಯರು ಮ್ಯಾನ್‌ಹಾಟನ್ ದ್ವೀಪವನ್ನು ಅಂಥದೇ ಬೆಲೆಗೆ ‘ಕೊಂಡ’ ಕಥೆಯನ್ನು ಹಾಗೇ ತಿರುಗಿಸಿಕೊಟ್ಟದ್ದು. ನಾನು ಓದಿದ ಚಳವಳಿಗಳ ಬೇಡಿಕೆಗಳಲ್ಲಿ ಇಷ್ಟು ಚೂಪಾದ ಹಾಸ್ಯ ಇನ್ನೊಂದಿಲ್ಲ.

19 ತಿಂಗಳು ಇದ್ದರು. ಅಡಿಗೆಮನೆ, ಶಾಲೆ, ರೇಡಿಯೊ ಎಲ್ಲ ನಡೆಸಿದರು. ಸರ್ಕಾರ ಕರೆಂಟು ತೆಗೆಯಿತು, ನೀರಿನ ದೋಣಿ ನಿಲ್ಲಿಸಿತು. ಇಲ್ಲೂ ನೀರೇ. ಮುಂದಾಳು ರಿಚರ್ಡ್ ಓಕ್ಸ್‌ನ ಮಲಮಗಳು ಕಟ್ಟಡದಿಂದ ಬಿದ್ದು ತೀರಿಕೊಂಡಳು, ಅವನು ದ್ವೀಪ ಬಿಟ್ಟ. ಜನ ಕರಗಿದರು. 1971ರ ಜೂನ್ 11ರಂದು ಉಳಿದಿದ್ದ 15 ಜನರನ್ನು ಹೊರಗೆ ಕಳಿಸಿದರು. ದ್ವೀಪ ಸಿಗಲಿಲ್ಲ. ಆದರೆ ಬುಡಕಟ್ಟುಗಳನ್ನು ಕರಗಿಸಿ ಮುಖ್ಯವಾಹಿನಿಗೆ ಸೇರಿಸುವ ಹಳೇ ನೀತಿಯನ್ನು ಕೈಬಿಡುತ್ತೇವೆ ಅಂತ ಅಧ್ಯಕ್ಷ ನಿಕ್ಸನ್ 1970ರಲ್ಲಿ, ಇವರು ಇಲ್ಲಿ ಕೂತಿದ್ದಾಗಲೇ ಘೋಷಿಸಿದರು. 1972ರಲ್ಲಿ ದ್ವೀಪ ರಾಷ್ಟ್ರೀಯ ಉದ್ಯಾನವನಕ್ಕೆ ಸೇರಿ, ಮುಂದಿನ ವರ್ಷ ಜನಕ್ಕೆ ತೆರೆಯಿತು. ಬೋರ್ಡಿನ ಮೇಲಿನ ಬರಹವನ್ನು ಅಳಿಸಲಿಲ್ಲ.

## ನೀವು ಹೋಗುವುದಾದರೆ

ಟಿಕೆಟ್ ವಾರಗಟ್ಟಲೆ ಮೊದಲೇ ಮಾಡಿಸಿ. ನಾನು ಮೊದಲ ಸಲ “ಹೋಗಿ ತಗೊಂಡ್ರಾಯ್ತು” ಅಂದುಕೊಂಡು ಕೈ ಸುಟ್ಟುಕೊಂಡಿದ್ದೇನೆ. ದ್ವೀಪಕ್ಕೆ ಪ್ರವೇಶ ಶುಲ್ಕ ಅಂತ ಬೇರೆ ಇಲ್ಲ. ನೀವು ಕೊಡುವುದು ದೋಣಿಗೆ ಮತ್ತು ಹೆಡ್‌ಫೋನ್ ಟೂರ್‌ಗೆ. ಆ ಟೂರ್ 45 ನಿಮಿಷ. ಅಲ್ಲೇ ಇದ್ದ ಗಾರ್ಡುಗಳು, ಕೈದಿಗಳು ತಮ್ಮ ದನಿಯಲ್ಲೇ ಹೇಳುತ್ತಾರೆ. ಕನ್ನಡದಲ್ಲಿ ಇಲ್ಲ, ಹಾಗಾಗಿ ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಗೆ ಮೊದಲೇ ಕಥೆ ಹೇಳಿಟ್ಟರೆ ಒಳ್ಳೆಯದು.

ಮಂಡಿನೋವು ಇರುವವರು ಗಮನಿಸಿ. ದೋಣಿ ಕಟ್ಟೆಯಿಂದ ಜೈಲಿಗೆ 130 ಅಡಿ ಏರು, ಹದಿಮೂರು ಮಹಡಿ ಹತ್ತಿದಷ್ಟು. ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇದೆ, ಸಿಬ್ಬಂದಿಯನ್ನು ಕೇಳಿ. ಜುಲೈನಲ್ಲೂ ಮಂಜು, ಗಾಳಿ. ಸ್ವೆಟರ್ ಮರೆಯಬೇಡಿ. ವಾಪಸ್ ಬರಲು ಇದೇ ದೋಣಿ ಅಂತ ಇಲ್ಲ, ಅವಸರ ಬೇಡ.

ಮೇಲೆ ತಿನ್ನುವ ಹಾಗಿಲ್ಲ, ನೀರು ಮಾತ್ರ. ತಂದದ್ದನ್ನು ದೋಣಿ ಕಟ್ಟೆಯ ಹತ್ತಿರ ತಿನ್ನಬಹುದು. ಅಮ್ಮನ ಬ್ಯಾಗಿನಲ್ಲಿ ಪುಳಿಯೋಗರೆ ಇತ್ತು, ಇಲ್ಲದೆ ಇರುತ್ತಾ. ವಾಪಸ್ ಇಳಿದು ಬಂದು ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆವು. ಆಗ ಬೋರ್ಡಿನ ನಿಜವಾದ ಕಥೆ ಹೇಳಿದೆ. ಅಮ್ಮ ತುತ್ತು ಕೈಯಲ್ಲೇ ಹಿಡಿದು ಆ ಕೆಂಪು ಅಕ್ಷರಗಳನ್ನು ಇನ್ನೊಂದು ಸಲ ನೋಡಿದರು. “ಹಂಗಾದ್ರೆ ಆ ಫೋಟೊ ಡಿಲೀಟ್ ಮಾಡ್ಬೇಕಾ?” ಅಂತ ಕೇಳುತ್ತಿರುವಾಗಲೇ ಒಂದು ಕಡಲಹಕ್ಕಿ ಮೇಜಿನ ಮೇಲೆ ಇಳಿದು, ಡಬ್ಬಿಯ ಮುಚ್ಚಳದಲ್ಲಿದ್ದ ಹಪ್ಪಳ ಎತ್ತಿಕೊಂಡು ನೀರಿನ ಕಡೆ ಹಾರಿತು.